ಒಬ್ಬರೇ ಕೂಡುವ ವಿಮಾನ

ಒಂದು ರಾತ್ರಿ ದುರ್ಗದಬೈಲಿನ ಬಟ್ಟೆ ಅಂಗಡಿಯ ಬಾಗಿಲು ಹಾಕಿ, ಕಡೆಯ ಬಸ್ಸಿಳಿದು, ಶಿವಯೋಗೀಶ ಸಪ್ತಾಪುರದ ಮಹಡಿಯ ಬಾಡಿಗೆ ಮನೆಗೆ ನಡೆದು ಬರುತ್ತಿದ್ದ. ಅವನು ನನ್ನ ದೊಡ್ಡಪ್ಪನ ಮಗ. ಕೇಳಿದ ಮಾತಲ್ಲ ಇದು, ನಮ್ಮ ಮನೆಯವರಿಗೇ ಆದದ್ದು.

ಮನೆಯ ಹಿಂದೆ ಒಂದು ಬಾವಿ. ಹಗ್ಗ, ಗಡಗಡಿ ಬಿಚ್ಚಿ ವರ್ಷಗಳಾಗಿದ್ದವು. ಆದರೂ ಆ ರಾತ್ರಿ... ಡುಳುಕ್. ಕೊಡ ಮುಳುಗಿದ ಸದ್ದು.

"ಊಟ ಆತೇನ್ರಿ?"

ಅವನ ಹೆಂಡತಿ ವಾಣಿಶ್ರೀಯ ದನಿ. ವಾಣಿಶ್ರೀ ಕಾಮಾಲೆಯಾಗಿ ತೀರಿಕೊಂಡು ವರುಷ ಕಳೆದಿತ್ತು.

"ಇನ್ನೂ ಇಲ್ಲ," ಅಂದುಬಿಟ್ಟ.

ಕೆಳಗಿನ ಕಿಟಕಿ ಕಿರ್ರೆಂದಿತು. ಮನೆಯೊಡತಿ ದಾನವ್ವ. "ಯಾರ ಜೋಡಿ ಮಾತಾಡಾಕತ್ತೀಯೋ ತಮ್ಮಾ?"

"ಯಾರಿಲ್ಲಬೇ."

"ಬಾವಿ ಕಡೆ ಓಗೊಡಬ್ಯಾಡ," ಪಿಸುಗುಟ್ಟಿದಳು. "ಒಮ್ಮೆ ಓಗೊಟ್ರ ಅದು ಬೆನ್ನ ಬಿಡೂದಿಲ್ಲ."

ಅವನು ಮೆಟ್ಟಿಲೇರಿದ. ಮೆಟ್ಟಿಲ ಕೆಳಗೆ ಸ್ಕೂಟರ್ ನಿಂತಿತ್ತು. ಹೆಂಡತಿ ಹೋದ ಮೇಲೆ ಅದನ್ನು ಅವನು ಹೊರಗೆ ತೆಗೆದಿರಲಿಲ್ಲ. ಹಿಂದೆ ಕೂತವಳು ತಿರುವು ಬಂದಾಗಲೆಲ್ಲ ಅವನ ಎಡ ಭುಜ ಎರಡು ಸಲ ತಟ್ಟಿ "ಸಾವಕಾಶ್ರಿ" ಅನ್ನುತ್ತಿದ್ದಳು. ಆ ಕೈಯಿಲ್ಲದೆ ಗಾಡಿ ತಿರುಗಿಸಲು ಅವನಿಗೆ ಧೈರ್ಯ ಸಾಲದು. ಅವಳು ಕಾಲಿಡುತ್ತಿದ್ದ ಪಟ್ಟಿಯನ್ನು ಮೇಲೆ ಮಡಚಿ ತಂತಿ ಸುತ್ತಿಬಿಟ್ಟಿದ್ದ.

ಮೇಲೆ ಅವನಿಗಿದ್ದ ಜೊತೆ ಒಂದು ಕಂಪ್ಯೂಟರ್. ಆಗಷ್ಟೇ ಮನೆಗಳಿಗೆ ಬರುತ್ತಿದ್ದ ಕಾಲ. ಅದನ್ನು ಜೋಡಿಸಿಕೊಟ್ಟ ಗೌಸಮೊದ್ದೀನ, ಹಳೇ ಯುದ್ಧವಿಮಾನ ಹಾರಿಸುವ ಆಟವನ್ನೂ ಹಾಕಿಕೊಟ್ಟಿದ್ದ. ಸ್ಪಿಟ್‌ಫೈರ್ ವಿಮಾನ. ಒಂದೇ ಸೀಟು, ಒಬ್ಬರೇ ಕೂಡುವಂಥದ್ದು. ಮೂತಿ ಎಷ್ಟು ಉದ್ದವೆಂದರೆ ಇಳಿಸುವಾಗ ಎದುರಿನ ರನ್‌ವೇ ಮುಚ್ಚಿಹೋಗುತ್ತದೆ. ಎಡಕ್ಕೆ ಬಾಗಿ, ಸುತ್ತುತ್ತ, ಓರೆಗಣ್ಣಿನಿಂದ ನೋಡುತ್ತ ಇಳಿಸಬೇಕು. ಅಲ್ಲೂ ಆ ತಿರುವೇ ಅವನಿಗೆ ತೊಡಕು. ಅವಸರ ಮಾಡಿ ಪ್ರತಿ ಸಲ ರೆಕ್ಕೆ ನೆಲಕ್ಕೆ ಬಡಿಸುತ್ತಿದ್ದ.

"ಏರಸೂದು ಛಲೋ ಕಲ್ತ್ರಿ ಕಾಕಾ," ಗೌಸಮೊದ್ದೀನ ಕಾಡಿಸುತ್ತಿದ್ದ. "ಇಳಸೂದು ಮುಂದಿನ ಜನ್ಮಕ್ಕೇನ್ರಿ?"

ಆ ರಾತ್ರಿ ಹೆಡ್‌ಫೋನಿನಲ್ಲಿ ಇಂಜಿನ್ ಗುರ್ರೆನ್ನುತ್ತಿತ್ತು. ನಡುವೆ ಖರ್ರ್... ಟಿಕ್.

"ಇನ್ನಷ್ಟು ಮ್ಯಾಲೆ ಒಯ್ರಿ..."

ಅದೇ ದನಿ. ಅವನ ಕೈ ಕಿವಿಗೆ ಹೋಯಿತು. ಆದರೆ ಹೆಡ್‌ಫೋನ್ ತೆಗೆಯಲಿಲ್ಲ.

ಆಮೇಲೆ ರಾತ್ರಿಗಳೆಲ್ಲ ಹೀಗೇ. ಮೋಡದ ಮೇಲೆ ಹಾರುತ್ತ ಅಂಗಡಿಯ ಸುದ್ದಿಯನ್ನೆಲ್ಲ ಅವಳಿಗೆ ಹೇಳುವನು. ಬೇರೆ ಯಾರಿಗೆ ಹೇಳಬೇಕು? ಇಳಿಸಲು ಹೊರಟರೆ ಮಾತ್ರ ದನಿ ತಡೆಯುತ್ತಿತ್ತು. "ಇಳಸಬ್ಯಾಡ್ರಿ. ಇಳದ್ರ ನಾ ಇರೂದಿಲ್ಲ."

ಅವನು ಇಳಿಸುವುದನ್ನೇ ಬಿಟ್ಟ.

ಒಂದು ಅಮಾವಾಸ್ಯೆ. "ನಾನೂ ಬರ್ಲೇನು?" ಅಂದಿತು.

ಅವನು ನಕ್ಕ. "ಇದು ಒಬ್ರ ಕೂಡೂ ವಿಮಾನ. ನಿನ್ನ ಎಲ್ಲಿ ಕೂಡಸ್ಲಿ?"

"ಹಂಗಾರ ನೀವ ಬರ್ರಿ. ಹೊರಗ ನಿಂತೇನಿ."

ಅವನು ಹೆಡ್‌ಫೋನ್ ತೆಗೆದಿಟ್ಟು ಎದ್ದ. ದನಿ ನಿಲ್ಲಲಿಲ್ಲ... ಈಗ ಕತ್ತಲೊಳಗಿಂದ ಬರುತ್ತಿತ್ತು. ಹೊರಗೆ ಮಾಳಿಗೆ. ಅದಕ್ಕೆ ತಡೆಗೋಡೆ ಕಟ್ಟಿರಲಿಲ್ಲ. ಅಂಚಿನ ಕೆಳಗೇ ಬಾವಿ.

"ಇನ್ನೊಂದ ಹೆಜ್ಜಿ..."

ಒಂದು ಕಾಲು ಎತ್ತಿದ.

"ಬಾ, ಶಿವಯೋಗೀಶ."

ಕಾಲು ಅಲ್ಲೇ ನಿಂತಿತು. ವಾಣಿಶ್ರೀ ಬದುಕಿರುವತನಕ ಗಂಡನ ಹೆಸರು ಹಿಡಿದು ಕರೆದವಳಲ್ಲ. ರೇಶನ್ ಅಂಗಡಿಯಲ್ಲಿ ಕೇಳಿದರೂ ಪಕ್ಕದವರಿಂದ ಹೇಳಿಸಿದವಳು.

ಹಾಗಾದರೆ ಇದು... ಯಾರು?

ಹಿಂದಕ್ಕೆ ಸರಿಯಬೇಕೆಂದರೆ ಮೈ ಕೇಳಲಿಲ್ಲ. ಮುಂದಕ್ಕೇ ವಾಲುತ್ತಿತ್ತು. ಆಗ ಎಡ ಭುಜದ ಮೇಲೆ... ಟಪ್, ಟಪ್. ಕಿವಿಯ ಹತ್ತಿರ ಬೆಚ್ಚಗಿನ ಉಸಿರು.

"ಸಾವಕಾಶ್ರಿ."

ಅವನು ಹಿಂದಕ್ಕೆ ಕುಸಿದು ಕೂತ. ಕೆಳಗೆ ಬಾವಿಯಲ್ಲಿ ಭಾರವಾದದ್ದೇನೋ ಬಿದ್ದಂತೆ ಧುಡುಮ್ ಅಂದಿತು. ಆಮೇಲೆ ಸದ್ದಿಲ್ಲ.

ಒಳಗೆ ಬಂದರೆ ಪರದೆಯಲ್ಲಿ ವಿಮಾನ ಇನ್ನೂ ಹಾರುತ್ತಲೇ ಇತ್ತು. ಬಹಳ ಹೊತ್ತು ನೋಡುತ್ತ ಕೂತ. ಇಳಿಸಿದರೆ ಮತ್ತೆ ಯಾವ ದನಿಯೂ ಇರುವುದಿಲ್ಲ, ಅದು ಅವನಿಗೆ ಗೊತ್ತಿತ್ತು. ಕಣ್ಣೊರೆಸಿಕೊಂಡ. ಎಡಕ್ಕೆ ಬಾಗಿಸಿದ. ಸಾವಕಾಶ, ಸಾವಕಾಶ ಅಂತ ತಾನೇ ಹೇಳಿಕೊಂಡ. ಗಾಲಿಗಳು ಚೀಂಯ್ ಎಂದು ನೆಲ ಮುಟ್ಟಿದವು. ಇಂಜಿನ್ ಕೆಮ್ಮಿ, ನಿಂತಿತು.

ಬೆಳಿಗ್ಗೆ ದಾನವ್ವ ಕರೆದಳು. "ತಮ್ಮಾ, ರಾತ್ರಿ ಗಾಡಿ ತಗದಿದ್ದೇನು?"

"ಇಲ್ಲಬೇ."

ನಂಬುವವರು ನಂಬಲಿ. ಆ ಗಾಡಿಯನ್ನು ನಾನು ಕಣ್ಣಾರೆ ಕಂಡಿದ್ದೇನೆ. ಸುತ್ತಿದ್ದ ತಂತಿ ಹರಿದಿರಲಿಲ್ಲ. ಬಿಚ್ಚಿ, ಸುರುಳಿ ಮಾಡಿ, ಸೀಟಿನ ಮೇಲೆ ಇಟ್ಟಿತ್ತು. ಕಾಲಿಡುವ ಪಟ್ಟಿ ಕೆಳಗೆ ಇಳಿದಿತ್ತು.