ಮೊಟ್ಟೆ ಬಿಟ್ಟೆದ್ದ ಹಕ್ಕಿ

ಊಟದ ಹೊತ್ತಾಯ್ತು. ನಿಮಗೂ ಸಾಕಾಗಿದೆ, ನನ್ನ ಗಂಟಲಿಗೂ ಸಾಕಾಗಿದೆ. ಒಂದು ದೃಷ್ಟಾಂತ ಹೇಳಿ ಇವತ್ತಿನ ಪ್ರವಚನ ಮುಗಿಸ್ತೀನಿ.

ಕಡಲ ದಂಡೇಲಿ ಒಂದೂರು. ಆ ಊರಲ್ಲೊಬ್ಬ ಶ್ರೀಮಂತ, ಮೀನಿನ ದೋಣಿಗಳ ಧಣಿ. ಅವನ ತಾಯಿ ಹಾಸಿಗೆ ಹಿಡಿದು ವರ್ಷಗಳಾಗಿದ್ವು. ಎತ್ತೋದು, ಒರೆಸೋದು, ಉಣಿಸೋದು, ಎಲ್ಲಾ ಹೆಂಡತಿ. ಅವಳು ಒಂದೇ ಒಂದು ಸಲ ಬಾಯಿಬಿಟ್ಟು ಕೇಳಿದ್ಲು: "ತವರಲ್ಲಿ ತಂಗಿ ಮದುವೆ. ಎರಡು ದಿನ ನೀವು ಅತ್ತೆ ಹತ್ರ ಕೂತ್ಕೊಳ್ಳಿ."

"ನನಗೆಲ್ಲಿದೆ ಪುರುಸೊತ್ತು?" ಅಂದ. ಅಂದವನು, ಯಾವತ್ತೂ ಕಡಲಿಗೆ ಹೋಗದವನು, ಅವತ್ತು ತಾನೇ ದೋಣಿ ಹತ್ತಿದ. ನೋಡಿ, ತಪ್ಪಿಸಿಕೊಳ್ಳೋನಿಗೆ ಕೆಲಸ ಎಲ್ಲಿಂದಾದರೂ ಹುಟ್ಟಿಕೊಳ್ಳುತ್ತೆ.

ಮೀನುಗಾರರಿಗೆ ಒಂದು ರೂಢಿ. ಹಕ್ಕಿ ಹಾರೋ ದಿಕ್ಕು ನೋಡಿ ಬಲೆ ಬಿಡ್ತಾರೆ. ಒಂದು ಹಿಂಡು ಕಾಣಿಸ್ತು. "ಅದರ ಹಿಂದೆ ನಡೆಸು," ಅಂದ ಧಣಿ. ದೋಣಿ ನಡೆಸೋನು, "ಬೇಡ ಧಣಿ, ಇವು ಹೊಟ್ಟೆ ತುಂಬಿದ ಹಕ್ಕಿ, ಗೂಡಿಗೆ ಹೋಗ್ತಾ ಇವೆ. ಮೀನಿರೋದು ಇವು ಬಂದ ಕಡೆ," ಅಂದ. "ದೋಣಿ ಯಾರದು?" ಅಂತ ಕೇಳಿದ ಧಣಿ. ಅಲ್ಲಿಗೆ ಮಾತು ಮುಗೀತು. ಹಕ್ಕಿ ಹಿಂದೆ ಹೋದ್ರು, ಕಡಲ ನಡುವಿನ ಬಂಡೆಗುಡ್ಡ ಸಿಕ್ತು. ನೀರೊಳಗೆ ತಿರುಗಿ ದೋಣಿ ತಳ್ಳೋ ಪಂಖ ಬಂಡೆಗೆ ತಾಗಿ ಮುರೀತು. ಇನ್ನೊಂದು ದೋಣಿ ಬರೋ ತನಕ ಅಲ್ಲೇ ಲಂಗರು.

ಮಾಡೋಕೆ ಕೆಲಸ ಇಲ್ಲ. ಕೂತ, ನೋಡಿದ. ಬರೀ ಬಂಡೆ ಮೇಲೆ ಒಂದು ಮೊಟ್ಟೆ, ಅದರ ಮೇಲೊಂದು ಹಕ್ಕಿ. ನೆರಳು ಅಂದ್ರೆ ಆ ಹಕ್ಕಿಯ ಮೈಯೇ. ಗಂಡು ಹೆಣ್ಣು ಪಾಳಿ ಹಾಕ್ಕೊಂಡು ಕೂರ್ತವೆ. ಒಂದು ಮೀನಿಗೆ ಹೋದ್ರೆ ಇನ್ನೊಂದು ಉಪವಾಸ, ಕೂತಲ್ಲೇ ತನ್ನ ಮೈಯ ಕೊಬ್ಬನ್ನೇ ತಿಂದು ಬದುಕ್ತದೆ. ಆ ಸಲ ಮೀನು ದೂರ ಹೋಗಿದ್ವು. ಮೀನಿಗೆ ಹೋದ ಜೊತೆಹಕ್ಕಿ ಅವತ್ತು ಬರಲಿಲ್ಲ. ಮಾರನೇ ದಿನ ಮಧ್ಯಾಹ್ನವೂ ಬರಲಿಲ್ಲ. ಕೂತ ಹಕ್ಕಿ ಕೊಕ್ಕು ತೆರೆದು ಏದುಸಿರು ಬಿಡ್ತಿತ್ತು. ಕಡಲು ನೋಡ್ತು, ಮೊಟ್ಟೆ ನೋಡ್ತು, ಎದ್ದು ಹಾರಿಹೋಯ್ತು.

"ಎಂಥಾ ತಾಯಿ ಇದು?" ಅಂದ ಶ್ರೀಮಂತ. ಗಂಡೋ ಹೆಣ್ಣೋ, ಅವನಿಗೇನು ಗೊತ್ತು? ಬಿಟ್ಟುಹೋಯ್ತು ಅಂದ ಕೂಡಲೇ ಅವನ ಪಾಲಿಗೆ ಅದು ಹೆಣ್ಣಾಯ್ತು.

ಸಂಜೆ ಆ ಇನ್ನೊಂದು ಬಂತು. ಪಾಪ, ರೆಕ್ಕೆ ಸೋತು ಬಂತು. ಮೊಟ್ಟೆ ಮೇಲೆ ಕೂತ್ಕೊಳ್ತು. ಅಷ್ಟರಲ್ಲಿ ಬಿಸಿಲಿಗೆ ಮೊಟ್ಟೆ ಬೆಂದಿತ್ತು.

ಬೇರೆ ದೋಣಿಯವರು ಹಗ್ಗ ಕಟ್ಟಿ ಎಳೆದು ತಂದ್ರು. ಮನೆಗೆ ಬಂದ್ರೆ ಹೆಂಡತಿ ಅದೇ ಜಾಗದಲ್ಲಿ ಕೂತು ಅತ್ತೆಗೆ ಗಂಜಿ ಕುಡಿಸ್ತಿದ್ಲು. ಮದುವೆ ಮುಗಿದಿತ್ತು. ಇವನು ಹಕ್ಕಿ ಕಥೆ ಹೇಳಿದ. ಅವಳು ಕೇಳಿದ್ದು ಒಂದೇ: "ಆ ಇನ್ನೊಂದು ಯಾವಾಗ ಬಂತು?"

"ಸಂಜೆ."

ಅತ್ತೆಯ ತುಟಿ ಒರೆಸಿದ್ಲು. "ಅದಾದ್ರೂ ಮೀನಿಗೆ ಹೋಗಿತ್ತು," ಅಂದ್ಲು. "ನಾನು ಏಳಲಿಲ್ಲ. ಎದ್ದಿದ್ರೆ ನನ್ನನ್ನೂ ಎಂಥಾ ಹೆಂಗಸು ಅಂತಿದ್ರಿ."

ಅವನು ಚಮಚಕ್ಕೆ ಕೈ ಚಾಚಿದ. ಅವಳು ಕೊಟ್ಲು. ಕೊಟ್ಟು ಎಲ್ಲಿಗೆ ಹೋಗ್ತಾಳೆ? ಅಲ್ಲೇ ನೆಲದ ಮೇಲೆ ಒರಗಿ ನಿದ್ದೆ ಹೋದ್ಲು.

ಈಗ ನಿಮ್ಮನ್ನ ಕೇಳ್ತೀನಿ. ನೀವಿಲ್ಲಿ ಪುಣ್ಯದ ಮಾತು ಕೇಳ್ತಾ ಕೂತಿದೀರಿ. ನೀವು ಇಲ್ಲಿ ಕೂರೋಕೆ ಮನೇಲಿ ಯಾರು ಕೂತಿದಾರೆ? ಹಾಸಿಗೆ ಹಿಡಿದ ತಂದೆ ಹತ್ರ, ಹಾಲು ಕುಡಿಯೋ ಕೂಸಿನ ಹತ್ರ, ಉಪವಾಸ ಯಾರು ಕೂತಿದಾರೆ? ತಾಳ್ಮೆ ಅಂತ ಹೊಗಳ್ತೀರಿ, ತ್ಯಾಗಮಯಿ ಅಂತೀರಿ. ಹಕ್ಕಿಯ ಮೈಯಲ್ಲಿರೋ ಕೊಬ್ಬಿಗೂ ಕೊನೆ ಇದೆ ಸ್ವಾಮಿ. ಹೊಗಳಿದ್ರೆ ಅದು ಮತ್ತೆ ತುಂಬಲ್ಲ.

ಹೊರಗೆ ಹೋಗ್ತೀರಾ, ಹೋಗಿ. ಬರೋ ಹೊತ್ತು ಹೇಳಿ ಹೋಗಿ, ಹೇಳಿದ ಹೊತ್ತಿಗೆ ಬನ್ನಿ. ಬಂದವರು ಕಾಲು ಚಾಚಿ ಕಾಫಿ ಕೇಳ್ಬೇಡಿ. "ಏಳು, ನಾನು ಕೂರ್ತೀನಿ" ಅನ್ನಿ. ಎದ್ದು ಎಲ್ಲಿಗೆ ಹೊರಟೆ ಅಂತ ಲೆಕ್ಕ ಕೇಳ್ಬೇಡಿ.

ಈಗ ಪ್ರಸಾದಕ್ಕೆ ಪಂಕ್ತಿ ಹಾಕ್ತಾರೆ. ಮನೇಲಿ ಯಾರಾದ್ರೂ ನಿಮ್ಮ ದಾರಿ ಕಾಯ್ತಾ ಕೂತಿದ್ರೆ ಪಂಕ್ತೀಲಿ ಕೂರ್ಬೇಡಿ, ಎಲೇಲಿ ಕಟ್ಟಿಸಿಕೊಂಡು ನಡೀರಿ. ಯಾಕೆ, ಇನ್ನೂ ಕೂತೇ ಇದೀರಲ್ಲ?