ಓರೆಯಾಗಿ ತಿರುಗೋ ಪೀಪಾಯಿ

...ಅಲ್ಲ ಸುಮಂತ, ಅದು ಕಾಫಿ ಹುರಿಯೋದಲ್ಲ, ಕೆಳಗಿಡು ಅದನ್ನ. ಆ ಹಿಡಿಕೆಯದು ಶ್ಯಾವಿಗೆ ಒತ್ತೋದು, ಸರಿ. ಆ ರೆಕ್ಕೆ ಇರೋದು ಬತ್ತ ತೂರೋ ಮಿಷನ್ನು, ಅದೂ ಸರಿ. ಈ ಪೀಪಾಯಿ ಮಾತ್ರ ನಿಂಗೆ ಗೊತ್ತಾಗ್ಲಿಲ್ಲ. ಸಾಗರದ ಗುಜರಿಯವ್ನು ಕಾಫಿದು ಅಂದ, ಫೋನಲ್ಲೂ ಯಾರೋ ಹೌದು ಅಂದ್ರು, ನೀನು ನಂಬ್ದೆ. ಮಾರಾಯ, ಒಲೆ ಮೇಲೆ ಇಟ್ಟಿದ್ದಾದ್ರೆ ಹೊಟ್ಟೆ ಕೆಳಗೆ ಮಸಿ ಇರ್ಬೇಕಲ್ಲ? ಎಲ್ಲಿದೆ ತೋರ್ಸು. ಒಂದ್ಸಲ ತಿರುಗಿಸಿ ನೋಡು... ಬೇಡ, ಬೇಡ, ಮುಟ್ಬೇಡ, ನಾನೇ ಹೇಳ್ತೀನಿ. ಪೀಪಾಯಿ ತಿರುಗೋ ಸರಳು ನೆಟ್ಟಗೆ ಹಾಕಿಲ್ಲ, ಮೂಲೆಯಿಂದ ಮೂಲೆಗೆ ಓರೆಯಾಗಿ ಹಾಕಿದಾರೆ. ಒಳಗಿದ್ದದ್ದು ಮೇಲೆ ಕೆಳಗೆ ಆಗಿ ಪುಡಿ ಎಲ್ಲಾ ಕಡೆ ಹತ್ಲಿ ಅಂತ. ಬಿತ್ತೋ ಬತ್ತಕ್ಕೆ ಬೂಸ್ಟು, ರೋಗ ಹತ್ತದಂಗೆ ವಿಷ ಹಚ್ಚೋ ಪೀಪಾಯಿ ಅದು. ನಾಳೆ ಹೋಮ್‌ಸ್ಟೇಗೆ ಬರೋರಿಗೆ ಇದ್ರಲ್ಲೇ ಕಾಫಿಬೀಜ ಹುರಿದು ಕೊಡ್ತೀಯಂತೆ!

ಈ ಅಜ್ಜಿಗೆ ಹೇಗೆ ಗೊತ್ತು ಅಂದ್ರೆ, ಇಂಥದ್ದನ್ನೇ ತಿರುಗಿಸಿದವಳು ನಾನು ಕಣೋ. ಹೊಸನಗರದ ಕಡೆ ನನ್ನ ತೌರು, ನಂಗೆ ಹದಿನಾಲ್ಕೋ, ಅಲ್ಲ, ಹದಿನೈದು. ನಾಲ್ಕು ಮನೆಗೆ ಸೇರಿ ಒಂದೇ ಪೀಪಾಯಿ. ಕೆಂಪು ಪುಡಿ ಹಾಕಿ, ಬಾಯಿಗೆ ಬಟ್ಟೆ ಕಟ್ಕೊಂಡು ಗರಗರ ತಿರುಗಿಸ್ದೆ. "ಬಿತ್ತೋಕೆ ಮಾತ್ರ, ತಿನ್ನಂಗಿಲ್ಲ" ಅಂತ ಅಪ್ಪಯ್ಯ ಎಲ್ಲರಿಗೂ ಹೇಳಿದ್ರು. ಆ ವರ್ಷ ಹಳ್ಳ ಉಕ್ಕಿ ಕೆಳಗಿನ ಗದ್ದೆಗೆ ಮರಳು ತುಂಬ್ತು, ಬೀಜ ಅರ್ಧ ಉಳೀತು. ನಮ್ಮಲ್ಲಿ ಬಿತ್ತಿ ಉಳಿದ ಬತ್ತ ವಾಪಸ್ ಕಣಜಕ್ಕೆ ಹಾಕಲ್ಲ ಗೊತ್ತಾ, ಅವಲಕ್ಕಿ ಕುಟ್ಟೋದು ಪದ್ಧತಿ. ಮನೇಲಿ ಬೇರೆ ಅಕ್ಕಿ ಇಲ್ಲ. ಅವ್ವ ಆ ಬತ್ತಾನೇ ಮೂರು ನೀರಲ್ಲಿ ತೊಳೆದ್ರು. "ನೋಡೇ, ಕೆಂಪು ಪೂರ್ತಿ ಹೋಯ್ತು" ಅಂದ್ರು. ನಾನೂ ನೋಡ್ದೆ. ಹೋಗಿತ್ತು.

ಹದಿನೈದು ಇಪ್ಪತ್ತು ದಿನ ಅದೇ ಅವಲಕ್ಕಿ. ಏನೂ ಆಗ್ಲಿಲ್ಲ. ಕೊಟ್ಟಿಗೆ ಹತ್ರ ಆ ಅವಲಕ್ಕಿ ಕುಟ್ಟಿದ ತೌಡು ಹೆಕ್ಕಿದ ಕೋಳಿ ಸತ್ವು, "ರೋಗ ಬಂತು" ಅಂದ್ರು ಅವ್ವ. ಆಮೇಲೆ ತಂಗಿ ಗಿರಿಜ, ಆರು ವರ್ಷದೋಳು, "ಅಕ್ಕಯ್ಯಾ, ಬೆರಳು ಜುಮುಜುಮು ಅಂತದೆ" ಅಂದ್ಲು. "ಕೈ ಮೇಲೆ ಮಲಗಿದ್ದೀಯ ಕಣೇ, ಅದಕ್ಕೆ" ಅಂತ ಬೈದೆ. ವಾರ ಬಿಟ್ಟು ಲೋಟ ಹಿಡಿಯೋಕಾಗ್ಲಿಲ್ಲ. ಹೊಸ್ತಿಲು ದಾಟೋಕೆ ಗೋಡೆ ಹಿಡೀತಿದ್ಲು. ಒಂದು ಬೆಳಿಗ್ಗೆ ನಾನು ಪಕ್ಕದಲ್ಲೇ ಕೂತು ತಲೆ ಬಾಚ್ತಿದ್ದೀನಿ, ಅವಳು ಎದುರಿನ ಬಾಗಿಲು ನೋಡ್ತಾ, "ಅಕ್ಕಯ್ಯಾ, ಎಲ್ಲಿದೀಯೇ?" ಅಂತ ಕೂಗ್ತಾಳೆ.

ತೀರ್ಥಹಳ್ಳಿಗೆ ಗಾಡಿ ಕಟ್ಕೊಂಡು ಹೋದ್ವಿ. ಡಾಕ್ಟ್ರು, "ಏನು ತಿಂದ್ರಿ?" ಅಂದ್ರು. ಅವ್ವ, "ಅವಲಕ್ಕಿ" ಅಂದ್ರು. "ಯಾವ ಬತ್ತದ್ದು?" ಅಂದ್ರು. ಅವ್ವ ಸೆರಗು ಬಾಯಿಗೆ ಒತ್ತಿಕೊಂಡ್ರು. ಅಪ್ಪಯ್ಯನೇ ಹೇಳಿದ್ರು. ಗಿರಿಜ ಆ ದೀಪಾವಳಿ ನೋಡ್ಲಿಲ್ಲ. ಎಲ್ಲರೂ ತಿಂದದ್ದು ಅದನ್ನೇ. ಸಣ್ಣೋಳು, ಹಸಿವು ತಡೆಯಲ್ಲ ಅಂತ ನಮ್ಮ ಪಾಲಿನದನ್ನೂ ಅವಳಿಗೇ ಹಾಕ್ತಿದ್ವಿ ಕಣೋ.

ತೊಳೆದಿದೀನಿ ಅಂತ ನೀನೂ ಅಂತೀಯ. ಬಣ್ಣ ಹೋದ್ರೆ ವಿಷಾನೂ ಹೋಯ್ತು ಅಂತಲ್ಲ. ತಿನ್ನೋದನ್ನ ಹಾಕೋ ಮುಂಚೆ ಅದ್ರಲ್ಲಿ ಹಿಂದೆ ಏನಿತ್ತು ಅಂತ ಕೇಳ್ಬೇಕು. ಏಳಿ, ಅದನ್ನ ಮುಟ್ಟಿದೋರೆಲ್ಲ ಸೋಪು ಹಚ್ಚಿ ಕೈ ತೊಳ್ಕಳಿ.