ಪಾಪುವಿನ ಬೀಗ

ಬಾಗ್ಲು ಹಾಕಿ ಮೇಸ್ತ್ರಿ, ಬೇಗ! ಹಾಕಿ ಅಂದ್ನಲ್ಲ! ಇನ್ನೊಂದು ಕಲ್ಲು ಬಂದ್ರೆ ನಿಮ್ಮ ತಲೆಗೇ ಬೀಳುತ್ತೆ. ನೋಡಿ, ಕಿಟಕಿ ಗಾಜು ಹೇಗೆ ಪುಡಿಪುಡಿ ಮಾಡಿದ್ದಾರೆ... ಏನು, ನನ್ನ ಹಣೆನಾ? ಏನಿಲ್ಲ ಬಿಡಿ, ಒಂದು ಚೂರು ತಾಗಿತು ಅಷ್ಟೆ. ರಕ್ತ ಅಂದ್ರೆ ನನಗೇನು ಭಯ? ನಿನ್ನೆ ಆ ಹಿಟ್ಟು ಕಲಸೋ ಮೆಷಿನ್ನಲ್ಲಿ ನೋಡಿದ್ದಕ್ಕಿಂತ ಹೆಚ್ಚು ಇನ್ನೇನು ನೋಡೋಕಿದೆ! ...ಅಯ್ಯೋ. ನಿಮ್ಮ ಮುಂದೆ ಹಾಗನ್ನಬಾರ್ದಿತ್ತು. ನಿಮ್ಮ ಒಡಹುಟ್ಟಿದ ತಮ್ಮ ಅವನು. ತಪ್ಪಾಯ್ತು.

ಕೂತ್ಕೊಳ್ಳಿ. ಆ ಸ್ಪ್ಯಾನರ್ ಕೆಳಗಿಡಿ ಮೊದಲು. ಇಡಲ್ವಾ? ಸರಿ, ಹಿಡ್ಕೊಂಡೇ ಕೂತ್ಕೊಳ್ಳಿ. ಮೂವತ್ತು ವರ್ಷದಿಂದ ಅದು ನಿಮ್ಮ ಕೈಲೇ ಇದೆ, ನಾನೇನು ಹೊಸದಾಗಿ ನೋಡ್ತಿದ್ದೀನಾ?

ಕೂಗು ಕೇಳಿಸ್ತಿದ್ಯಾ? "ಕೊಲೆಗಡುಕಿ!" ಅಂತೆ. ನಾನು! ಗೇಟಿನ ವಾಚ್‌ಮನ್ ಹೆದ್ರಿ ಬೀಗ ತೆಗೆಯೋಕೆ ಹೊರಟಿದ್ದ, ಕಪಾಳಕ್ಕೆ ಬಿಟ್ಟೆ ನೋಡಿ ಒಂದು, ಟೋಪಿ ಹಾರಿ ಹೋಯ್ತು. ಹೊಡೀಬಾರ್ದಿತ್ತು, ಗೊತ್ತು. ಆದ್ರೆ ಆ ಜನ ಒಳಗೆ ನುಗ್ಗಿದ್ರೆ ಓವನ್ನು ಉಳಿಯುತ್ತಾ? ನಾನು ಉಳೀತೀನಾ? ನಿನ್ನೆಯಿಂದ ಎರಡು ಫೋನ್ ಗೋಡೆಗೆ ಬಡಿದು ಒಡೆದಿದ್ದೀನಿ. ಎತ್ತಿದ್ರೆ ಸಾಕು, "ಮೇಡಂ, ನಿಮ್ಮ ಬ್ರೆಡ್ಡಲ್ಲಿ ಮನುಷ್ಯರ ರಕ್ತ ಇದ್ಯಂತೆ?" ಥೂ!

ಹನ್ನೊಂದು ಗಂಟೆಗೆ ಗೇಟಿನ ಹತ್ರ ಪತ್ರಿಕೆಯವರು, ಟಿವಿಯವರು ಎಲ್ಲಾ ಇರ್ತಾರೆ. ನಾನು ಮಾತಾಡ್ತೀನಿ, ನೀವು ನನ್ನ ಪಕ್ಕದಲ್ಲಿ ನಿಂತ್ಕೋಬೇಕು. ಅಷ್ಟೇ. ಓದ್ತೀನಿ ಕೇಳಿ. "ನಮ್ಮ ಕುಟುಂಬದವನಂತಿದ್ದ ಕಾರ್ಮಿಕ, ಮೆಷಿನ್ ಕೆರೆದು ಸ್ವಚ್ಛ ಮಾಡೋಕೆ ಒಳಗಿಳಿದಾಗ, ಮೇನ್ ಸ್ವಿಚ್ಚಿಗೆ ತನ್ನ ಬೀಗ ಹಾಕೋದನ್ನು ಮರೆತಿದ್ದರಿಂದ..." ಯಾಕೆ? ಯಾಕೆ ತಲೆ ಅಲ್ಲಾಡಿಸ್ತೀರಿ? "ಕುಟುಂಬದವನಂತೆ" ಅನ್ನೋದು ಸುಳ್ಳಾ? ಆರಡಿ ಆಳು, ಅವನನ್ನು ಇಡೀ ಫ್ಯಾಕ್ಟರಿ ಪಾಪು ಪಾಪು ಅಂತ ಕರೀತಿತ್ತಲ್ಲ, ಆ ಹೆಸರಿಟ್ಟೋಳೇ ನಾನು!

ಕೊನೇ ಸಾಲು ನೀವು ಹೇಳಿದ್ರೆ ಸಾಕು. "ನಮ್ಮ ತಮ್ಮನಿಗೆ ಸ್ವಲ್ಪ ಮರೆವು ಇತ್ತು." ಅಣ್ಣನ ಬಾಯಿಂದ ಬಂದ್ರೆ ಕಲ್ಲು ತೂರೋರು ಕೈ ಇಳಿಸ್ತಾರೆ.

ನಗ್ತಿದ್ದೀರಾ? ...ಇಲ್ವಾ. ತುಟಿ ಹಾಗೆ ಹೋಯ್ತು, ಅದಕ್ಕೇ ಕೇಳ್ದೆ.

ನೋಡಿ ಮೇಸ್ತ್ರಿ, ನಾನೇನು ಏಸಿ ರೂಮಲ್ಲಿ ಕೂತು ಯಜಮಾನಿಕೆ ಮಾಡಿದೋಳಲ್ಲ. ಅಪ್ಪ ತೀರಿಕೊಂಡ ವರ್ಷವೇ ಹಿಟ್ಟಿನ ಗೋದಾಮಿಗೆ ಬೆಂಕಿ ಬಿತ್ತಲ್ಲ, ಪೈಪು ಹಿಡಿದು ಮೊದಲು ಒಳಗೆ ಹೋದೋರು ಯಾರು? ಅರ್ಧ ಕೂದಲು ಸುಟ್ಟುಹೋಯ್ತು ನನಗೆ. ಬ್ರೆಡ್ಡಲ್ಲಿ ಗಾಜಿನ ಚೂರು ಸಿಕ್ತು ಅಂತ ಊರೆಲ್ಲಾ ಗುಲ್ಲೆದ್ದಾಗ? ಅಂಗಡಿ ಅಂಗಡಿಗೆ ಹೋಗಿ, ಗಿರಾಕಿಗಳ ಕಣ್ಮುಂದೆ ಒಂದೊಂದು ತುಂಡು ತಿಂದೆ. ಮೂರು ದಿನ! ಬ್ರೆಡ್ ಕಂಡ್ರೆ ಈಗ್ಲೂ ವಾಂತಿ ಬರುತ್ತೆ ನನಗೆ. ಬೇರೆಯವರಿಗೆ ಹೇಳಿ ಮಾಡಿಸೋದು ನನ್ನ ಜಾಯಮಾನದಲ್ಲೇ ಇಲ್ಲ. ಟ್ರೇ ತೊಳೆಯೋದಿದ್ರೆ ನಾನೇ, ಮೆಷಿನ್ ನಿಂತ್ರೂ ನಾನೇ ಓಡ್ತೀನಿ. ಅದಕ್ಕೇ ತಾನೇ ನೀವೆಲ್ಲ ನನ್ನ ಹಿಂದೆ ನಿಂತಿದ್ದು?

ಈ ಫ್ಯಾಕ್ಟರಿ ಮುಚ್ಚಿದ್ರೆ ನೂರ ಎಂಬತ್ತು ಮನೆ ಬೀದಿಗೆ ಬೀಳುತ್ತೆ. ಅದರಲ್ಲಿ ನಿಮ್ಮದೂ ಒಂದು. ಪಾಪು ಹೆಂಡತಿ ಪ್ಯಾಕಿಂಗಲ್ಲಿ ಇದ್ದಾಳೆ, ಮರೀಬೇಡಿ. ಸತ್ತವನ ಮೇಲೆ ಒಂದು ಮಾತು ಬಂದ್ರೆ ಅವನಿಗೇನು ನೋವಾಗುತ್ತೆ? ಬದುಕಿರೋರು ಬದುಕ್ಬೇಕಲ್ಲ!

ಮಾತಾಡಿ. ಏನಾದ್ರೂ ಮಾತಾಡಿ... ನಾಲಿಗೆ ಬಿದ್ದುಹೋಗಿದ್ಯಾ ನಿನಗೆ? ಹಾಂ? ಎದ್ದೇಳು! ಎದ್ದೇಳೋ ಮೇಲೆ! ಈ ಕಾಲರ್ ಹಿಡ್ಕೊಂಡು ಗೇಟಿನವರೆಗೂ ಎಳ್ಕೊಂಡು ಹೋಗ್ತೀನಿ ಇವತ್ತು, ನೋಡ್ತಿರು! ಅಪ್ಪನ ಅನ್ನ ತಿಂದು ಬೆಳೆದೋನು ನೀನು, ಈಗ ಅವರ ಹೆಸರು ಬೀದಿ ಕೆಸರಲ್ಲಿ ಬಿದ್ದು ಹೊರಳಾಡ್ತಿದ್ರೆ ಕಲ್ಲಿನ ಥರ ಕೂತಿದ್ದೀಯಾ? ಥೂ ನಿನ್ನ...

...ಬಿಡಿ. ಕೈ ಬಿಡಿ ಮೇಸ್ತ್ರಿ. ಮಣಿಕಟ್ಟು ಮುರಿದುಹೋಗುತ್ತೆ. ನೋವಾಗ್ತಿದೆ, ಬಿಡಿ ಅಂದೆ!

ಉಸ್ಸ್... ನಾನೂ ಕೈ ಮಾಡಬಾರ್ದಿತ್ತು. ನಿನ್ನೆಯಿಂದ ಕಣ್ಣು ಮುಚ್ಚಿಲ್ಲ. ಮುಚ್ಚಿದ್ರೆ ಅವನ ಕೈ ಕಾಣುತ್ತೆ. ಹಿಟ್ಟು ಮೆತ್ತಿದ ಕೈ, ಬರೀ ಕೈ... ನೀರು ಕುಡೀತೀರಾ? ಬೇಡ್ವಾ.

ಜೇಬಿಂದ ಏನು ತೆಗೀತಿದ್ದೀರಿ? ಏನದು... ಕೀಲಿನಾ? ಪಾಪುದು? ಹೌದು, ಕೆಂಪು ದಾರ ಕಟ್ಟಿದೆ, ಅವನದೇ. ಆಸ್ಪತ್ರೆಯವರು ಕೊಟ್ರಾ? ಅವನ ಪ್ಯಾಂಟಿನ ಜೇಬಲ್ಲಿ...

ಅದಕ್ಕೇನೀಗ? ಯಾಕೆ ಹಾಗೆ ಮೇಜಿನ ಮೇಲಿಟ್ಟು ನನ್ನನ್ನೇ ನೋಡ್ತಿದ್ದೀರಿ?

ಗೊತ್ತು, ಗೊತ್ತು. ಆ ನಿಯಮ ತಂದಿದ್ದೇ ನಾನು, ನನಗೆ ಹೇಳಿಕೊಡ್ಬೇಡಿ! ಕೆಲಸ ಇಲ್ಲದಾಗ ಬೀಗ ಕೀಲಿ ಎರಡೂ ಒಟ್ಟಿಗೆ ಮೊಳೆ ಹೊಡೆದ ಬೋರ್ಡಲ್ಲಿ ನೇತಾಡ್ತಿರ್ಬೇಕು. ಒಳಗಿಳಿಯೋನು ಸ್ವಿಚ್ಚಿಗೆ ಬೀಗ ಜಡಿದು ಕೀಲಿ ಜೇಬಿಗೆ ಹಾಕ್ಕೋಬೇಕು, ಅವನು ಹೊರಗೆ ಬರೋವರೆಗೂ ಯಾರೂ ಮುಟ್ಟಬಾರ್ದು. ಕೀಲಿ ಜೇಬಲ್ಲಿ ಇತ್ತು, ಅಂದ್ರೆ ಬೀಗ ಹಾಕಿದ್ದ. ಇದೇ ತಾನೇ ನಿಮ್ಮ ಲೆಕ್ಕಾಚಾರ?

ಹಾಗೇನಿಲ್ಲ! ಅವನ ಅಭ್ಯಾಸ ನಿಮಗೆ ಗೊತ್ತಿಲ್ವಾ? ಹೋದ ತಿಂಗಳು ಏನಾಯ್ತು? ಕೆಲಸ ಮುಗಿಸಿ, ಬೀಗ ಸ್ವಿಚ್ಚಲ್ಲೇ ಬಿಟ್ಟು, ಕೀಲಿ ಜೇಬಲ್ಲಿ ಹಾಕ್ಕೊಂಡು ಮನೆಗೆ ಹೋಗಿ ಮಲಗಿಬಿಟ್ಟ, ಮಹಾರಾಯ! ನಾಲ್ಕು ಗಂಟೆ ಮೆಷಿನ್ ನಿಂತಿತ್ತು, ಹದಿನೆಂಟು ಅಂಗಡಿಗೆ ಬ್ರೆಡ್ ಹೋಗ್ಲಿಲ್ಲ, ನೀವೇ ಬೈದಿದ್ರಿ ಅವನಿಗೆ. ನಿನ್ನೇನೂ ಹಾಗೇ... ಅಂದ್ರೆ, ಕೀಲಿ ಸುಮ್ನೆ ಮೊದಲಿಂದಲೇ ಜೇಬಲ್ಲಿ ಇದ್ದಿರ್ಬೇಕು ಅಂತ. ಬೀಗ ಹಾಕಿರಲ್ಲ. ಪಾಳಿ ಬದಲಾಗೋ ಹೊತ್ತು, ಯಾರೋ ಸ್ವಿಚ್ ಒತ್ತಿದ್ದಾರೆ. ಯಾರು ಅಂತ ಯಾರಿಗೂ ಗೊತ್ತಿಲ್ಲ.

ಯಾಕೆ ಕಣ್ಣು ಮಿಟುಕಿಸ್ತಾನೇ ಇಲ್ಲ ನೀವು? ದೇವರೇ...

ಬೀಗ ಎಲ್ಲಿ ಅಂತ ಕಣ್ಣಲ್ಲೇ ಕೇಳ್ತಿದ್ದೀರಾ? ಬೋರ್ಡಲ್ಲಿ ಇಲ್ಲ, ಹೌದು, ನೋಡಿದೆ. ಸ್ವಿಚ್ಚಲ್ಲೂ ಇಲ್ಲ. ನಾನೇನು ಎತ್ತಿಟ್ಕೊಂಡಿದ್ದೀನಾ? ಎಲ್ಲೋ ಕಸಕ್ಕೆ ಹೋಗಿರುತ್ತೆ! ಎರಡು ತುಂಡಾಗಿರೋ ಬೀಗ ಇಟ್ಕೊಂಡು ಯಾರೇನು ಮಾಡ್ತಾರೆ, ಮೇಸ್ತ್ರಿ, ನೀವೇ ಹೇಳಿ...

...ಏನು? ಯಾಕೆ ಎದ್ರಿ?

ತುಂಡು... ತುಂಡಾಗಿದೆ ಅಂತ ನೀವು ತಾನೇ ಅಂದಿದ್ದು? ಈಗ, ಕೀಲಿ ಇಡುವಾಗ... ಅಲ್ವಾ? ನೀವೇ ಅಂದ್ರಿ. ಅಂದ್ರಿ, ನನಗೆ ಕೇಳಿಸ್ತು...

ಇಲ್ಲ. ಬಂದಾಗಿಂದ ನೀವು ಬಾಯೇ ಬಿಟ್ಟಿಲ್ಲ.

ಮೇಸ್ತ್ರಿ, ನಿಲ್ಲಿ! ಬಾಗ್ಲು ತೆಗೀಬೇಡಿ, ನಿಮ್ಮ ಕಾಲಿಗೆ ಬೀಳ್ತೀನಿ! ಮತ್ತೆ ಮನೆಗೆ ಹೋಗಿದ್ದಾನೆ ಅಂದ್ಕೊಂಡೆ! ಆಣೆ ಮಾಡಿ ಹೇಳ್ತೀನಿ, ಹೋದ ತಿಂಗಳ ಥರಾನೇ ಅಂದ್ಕೊಂಡೆ. ಟ್ರಕ್ಕುಗಳು ಕಾಯ್ತಿದ್ವು, ಎಲ್ಲರೂ ನನ್ನ ಮುಖ ನೋಡ್ತಿದ್ರು. ಯಾರಿಗೂ ಹೇಳ್ಲಿಲ್ಲ, ನಾನೇ ಹೋದೆ, ಉದ್ದ ಹಿಡಿಯ ಕಟರ್ ತಗೊಂಡು... ಎರಡು ಸಲ ಒತ್ತಿದ್ರೂ ಬೀಗ ತುಂಡಾಗ್ಲಿಲ್ಲ, ಮೂರನೇ ಸಲ ಮೈಭಾರ ಎಲ್ಲಾ ಹಾಕಿದೆ. ಸ್ವಿಚ್ಚು ಗೋಡೆಯ ಈಚೆ, ಮೆಷಿನ್ನು ಆಚೆ, ನನಗೆ ಅವನು ಹೇಗೆ ಕಾಣ್ಬೇಕು, ಹೇಳಿ!

ಕೂಗಿದ್ದೆ! ಸ್ವಿಚ್ ಒತ್ತೋ ಮುಂಚೆ ಎರಡು ಸಲ "ಪಾಪೂ" ಅಂತ ಕೂಗಿದ್ದೆ, ಜೋರಾಗಿ, ಇಡೀ ಹಾಲಿಗೆ ಕೇಳಿಸೋ ಹಾಗೆ...

ಹಾಗೆ ನೋಡ್ಬೇಡಿ ನನ್ನ. ಹೊಡೀರಿ ಬೇಕಾದ್ರೆ, ತಲೆ ಒಡೀರಿ, ಆದ್ರೆ ಹಾಗೆ ನೋಡ್ಬೇಡಿ...

ಇಲ್ಲ. ಕೂಗ್ಲಿಲ್ಲ.